ಬಸುರಿಯರಿಗೆ ಹೆಪಟೈಟಿಸ್ ಬಿ ತಪಾಸಣೆ: ರಿಪೋರ್ಟು ಹೆರಿಗೆ ಕೋಣೆ ಮುಟ್ಟುವ ತನಕ

ಬಸುರಿ ಅಂತ ಗೊತ್ತಾದ ಮೇಲೆ ಆಸ್ಪತ್ರೆಯಲ್ಲಿ ಸಾಲು ಸಾಲು ಪರೀಕ್ಷೆ ಬರೆಯುತ್ತಾರೆ. ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಥೈರಾಯ್ಡ್, ಎಚ್‌ಐವಿ, ವಿಡಿಆರ್‌ಎಲ್. ಅದೇ ಚೀಟಿಯಲ್ಲಿ ಎಚ್‌ಬಿಎಸ್‌ಎಜಿ ಅಂತ ಇನ್ನೊಂದು ಹೆಸರಿರುತ್ತದೆ. ಇದರ ಫಲಿತಾಂಶ ಏನು ಬಂತು ಅಂತ ಮನೆಯವರು ಕೇಳುವುದು ಬಹಳ ಕಡಿಮೆ. ಅದು ಹೆಪಟೈಟಿಸ್ ಬಿ ಪರೀಕ್ಷೆ.

ಪರೀಕ್ಷೆ ಮಾಡಿಸುವುದು ದೊಡ್ಡ ಕೆಲಸವಲ್ಲ. ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಕೆಲಸ ಕೆಡುವುದು ಆಮೇಲೆ. ರಕ್ತ ಕೊಡುವುದು ಗಂಡನ ಮನೆಯ ಊರಿನಲ್ಲಿ, ಹೆರಿಗೆ ಆಗುವುದು ತವರಿನಲ್ಲಿ. ರಿಪೋರ್ಟು ಗಂಡನ ಮನೆಯ ಟ್ರಂಕಿನಲ್ಲೇ ಉಳಿಯುತ್ತದೆ. ಮಗು ಹುಟ್ಟಿದ ಮೊದಲ ದಿನ ಆಗಬೇಕಾದ್ದು ಆಗದೆ ಹೋಗುತ್ತದೆ. ಹಾಗಾಗಿ ಇಲ್ಲಿ ಪರೀಕ್ಷೆಗಿಂತ ಜಾಸ್ತಿ, ಆ ರಿಪೋರ್ಟನ್ನು ಹೆರಿಗೆ ಕೋಣೆಯ ತನಕ ಮುಟ್ಟಿಸುವುದು ಹೇಗೆ ಅನ್ನುವುದನ್ನೇ ಹೇಳುತ್ತೇನೆ. ಚಿಕಿತ್ಸೆ ನಿರ್ಧಾರ ಮಾಡುವವರು ನಿಮ್ಮ ಡಾಕ್ಟರು. ಅವರ ಮುಂದೆ ಕೂತಾಗ ಏನು ಕೇಳಬೇಕು ಅಂತ ನಿಮಗೆ ಗೊತ್ತಿರಲಿ.

ಮೊದಲು ಒಂದು ಗೊಂದಲ ಬಿಡಿಸೋಣ

ನಮ್ಮ ಕಡೆ ಕಣ್ಣು ಹಳದಿಯಾದರೆ ಎಲ್ಲದಕ್ಕೂ ಕಾಮಣಿ ಅಂತಲೇ ಹೆಸರು. ಆದರೆ ಕಾಮಣಿ ಅನ್ನುವುದು ಲಕ್ಷಣ, ಒಂದೇ ರೋಗವಲ್ಲ. ಕೆಟ್ಟ ನೀರಿನಿಂದ ಬರುವುದು ಹೆಪಟೈಟಿಸ್ ಎ ಮತ್ತು ಇ. ಹೆಪಟೈಟಿಸ್ ಬಿ ಬರುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆ ಹೊತ್ತಿಗೆ ತಾಯಿಯಿಂದ ಮಗುವಿಗೆ. ನೀರಿನಿಂದ ಬರುವುದಿಲ್ಲ, ಊಟದಿಂದ ಬರುವುದಿಲ್ಲ.

ಇನ್ನೊಂದು ವಿಷಯ, ಹೆಪಟೈಟಿಸ್ ಬಿ ಇರುವ ಹೆಚ್ಚಿನ ಹೆಣ್ಣುಮಕ್ಕಳಿಗೆ ಕಾಮಣಿ ಆಗಿರುವುದೇ ಇಲ್ಲ. ಜ್ವರ ಇಲ್ಲ, ನೋವಿಲ್ಲ, ಕಣ್ಣು ಬೆಳ್ಳಗೇ ಇರುತ್ತವೆ. ಹೊಲಕ್ಕೆ ಹೋಗುತ್ತಾರೆ, ರೊಟ್ಟಿ ಬಡಿಯುತ್ತಾರೆ, ಗಟ್ಟಿಮುಟ್ಟಾಗಿರುತ್ತಾರೆ. "ನನಗೇನೂ ಆಗಿಲ್ಲ, ನನಗ್ಯಾಕೆ ಪರೀಕ್ಷೆ?" ಅನ್ನುವುದಕ್ಕೆ ಉತ್ತರ ಇಷ್ಟೇ: ಈ ವೈರಸ್ ಲಿವರಿನಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿರಬಲ್ಲದು. ರಕ್ತ ನೋಡದೆ ಯಾರಿಗೂ ತಿಳಿಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್ ಬಿ ಇದ್ದವರು ಸುಮಾರು 2.98 ಕೋಟಿ ಜನ. ಚೀನಾ ಬಿಟ್ಟರೆ ನಮ್ಮ ದೇಶದಲ್ಲೇ ಜಾಸ್ತಿ.

ಬಸುರಿಯರಲ್ಲೇ ಯಾಕೆ ಇಷ್ಟು ಒತ್ತು ಕೊಟ್ಟು ಹುಡುಕಬೇಕು? ದೊಡ್ಡವರಿಗೆ ಈ ವೈರಸ್ ತಗುಲಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನರ ಮೈ ಅದನ್ನು ತಾನೇ ಓಡಿಸಿಬಿಡುತ್ತದೆ. ಹುಟ್ಟುವಾಗ ತಗುಲಿದ ಕೂಸಿನಲ್ಲಿ ಅದು ಪೂರಾ ತಿರುವುಮುರುವು. ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳಲ್ಲಿ ಜೀವನಪೂರ್ತಿ ಉಳಿದುಬಿಡುತ್ತದೆ. ಆ ಮಗು ಮೂವತ್ತು, ನಲವತ್ತರ ವಯಸ್ಸಿಗೆ ಬಂದಾಗ ಲಿವರ್ ಗಟ್ಟಿಯಾಗುವುದು, ಲಿವರ್ ಕ್ಯಾನ್ಸರ್ ಆಗುವುದು ಇದೆಲ್ಲ ಶುರುವಾಗಬಹುದು. ಆ ಬೇನೆಯ ಬೇರು ಹೆರಿಗೆ ಕೋಣೆಯಲ್ಲೇ ಇರುತ್ತದೆ, ತಡೆಯುವ ಜಾಗವೂ ಅದೇ.

ಹೆಜ್ಜೆ 1: ಮೂರು ತಿಂಗಳೊಳಗೆ ರಕ್ತ ಕೊಡಿ

ಮುಟ್ಟು ನಿಂತು ಬಸುರು ಖಾತ್ರಿಯಾದ ಕೂಡಲೇ ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ ಹೆಸರು ಬರೆಸಿ. ತಾಯಿ ಕಾರ್ಡ್ ಸಿಗುವುದು ಅಲ್ಲಿಂದಲೇ. "ಈಗಲೇ ಯಾರಿಗೂ ಹೇಳಬಾರದು, ದೃಷ್ಟಿ ಆಗುತ್ತದೆ" ಅಂತ ಮೂರು ತಿಂಗಳು ಮುಚ್ಚಿಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಊರಿಗೆಲ್ಲ ಹೇಳುವುದು ಬೇಡ. ಆಶಾಗೆ ಮಾತ್ರ ಹೇಳಿ.

ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆಗೆ ದುಡ್ಡಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಚ್‌ಐವಿ, ಸಿಫಿಲಿಸ್ ಜೊತೆಗೇ ಇದನ್ನೂ ಮಾಡಿಸಬಹುದು, ಒಮ್ಮೆ ತೆಗೆದ ರಕ್ತ ಮೂರಕ್ಕೂ ಆಗುತ್ತದೆ. ಆದರೂ ಹೆಸರು ಹಿಡಿದು ಕೇಳಿ: "ಸಿಸ್ಟರ್, ಎಚ್‌ಬಿಎಸ್‌ಎಜಿ ಮಾಡ್ತೀರಲ್ರಿ?" ಕಿಟ್ ಖಾಲಿಯಾಗಿದ್ದರೆ "ಮುಂದಿನ ಸಲ ನೋಡೋಣ" ಅನ್ನುವ ಮಾತು ಬರಬಹುದು. ಮುಂದಿನ ಸಲ ಯಾವತ್ತು ಅಂತ ತಾರೀಕು ಕೇಳಿ. ಪ್ರತಿ ತಿಂಗಳು 9ನೇ ತಾರೀಕು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಬಸುರಿಯರನ್ನು ಡಾಕ್ಟರು ಉಚಿತವಾಗಿ ನೋಡುತ್ತಾರೆ. ಬಿಟ್ಟುಹೋದ ಪರೀಕ್ಷೆಯನ್ನು ನೆನಪಿಸಲು ಅದು ಒಳ್ಳೆಯ ದಿನ.

ಇದು ಎರಡನೇ ಬಸುರು, ಹೋದ ಸಲ ನೆಗೆಟಿವ್ ಬಂದಿತ್ತು ಅಂದರೂ ಮತ್ತೆ ಮಾಡಿಸಿ. ಪ್ರತಿ ಬಸುರಿನಲ್ಲೂ ಹೊಸದಾಗಿ ನೋಡಬೇಕು. ನಡುವೆ ರಕ್ತ ಹಾಕಿಸಿಕೊಂಡಿರಬಹುದು, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡಿರಬಹುದು, ಜ್ವರ ಬಂದಾಗ ಎಲ್ಲೋ ಸೂಜಿ ಮಾಡಿಸಿಕೊಂಡಿರಬಹುದು.

ಪರೀಕ್ಷೆ ಹೇಗಿರುತ್ತದೆ ಅಂತ ಗೊತ್ತಿದ್ದರೆ ಹೆದರಿಕೆ ಕಡಿಮೆ. ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಕಾರ್ಡು. ಒಂದು ತುದಿಯ ಚಿಕ್ಕ ಕುಳಿಯಲ್ಲಿ ರಕ್ತದ ಹನಿ ಬಿಡುತ್ತಾರೆ. ನಡುವಿನ ಕಿಟಕಿಯಲ್ಲಿ ನಸುಗೆಂಪು ಬಣ್ಣ ಮೆಲ್ಲಗೆ ಮೇಲೇರುತ್ತದೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. 'ಸಿ' ಹತ್ತಿರದ ಗೆರೆ ಬರಲೇಬೇಕು, ಬರದಿದ್ದರೆ ಕಾರ್ಡೇ ಕೆಟ್ಟಿದೆ ಅಂತ ಅರ್ಥ, ಹೊಸ ಕಾರ್ಡಿನಲ್ಲಿ ಮಾಡಬೇಕು. 'ಟಿ' ಹತ್ತಿರವೂ ಗೆರೆ ಬಂದರೆ ಪಾಸಿಟಿವ್. ಆ ಗೆರೆ ಎಷ್ಟೇ ಮಸುಕಾಗಿದ್ದರೂ ಅದನ್ನು ಬಿಟ್ಟುಬಿಡುವಂತಿಲ್ಲ, ಎಲೈಸಾ ಅನ್ನುವ ಲ್ಯಾಬ್ ಪರೀಕ್ಷೆಯಿಂದ ಖಾತ್ರಿ ಮಾಡಿಸಬೇಕು.

ಹೆಜ್ಜೆ 2: ರಿಪೋರ್ಟು ಓದುವುದು

ನಾನ್ ರಿಯಾಕ್ಟಿವ್ ಅಥವಾ ನೆಗೆಟಿವ್ ಅಂದರೆ ವೈರಸ್ ಕಂಡಿಲ್ಲ. ರಿಯಾಕ್ಟಿವ್ ಅಥವಾ ಪಾಸಿಟಿವ್ ಅಂದರೆ ವೈರಸ್ ಈಗ ಮೈಯಲ್ಲಿದೆ. ಕೆಲವು ಹಳೆಯ ಲ್ಯಾಬ್‌ಗಳ ಚೀಟಿಯಲ್ಲಿ 'ಆಸ್ಟ್ರೇಲಿಯಾ ಆಂಟಿಜೆನ್' ಅಂತ ಇರುತ್ತದೆ, ಅದೂ ಇದೇ ಪರೀಕ್ಷೆ. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಬರೂಚ್ ಬ್ಲುಂಬರ್ಗ್ ಇದನ್ನು ಮೊದಲು ಕಂಡದ್ದು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ, ಅದಕ್ಕೆ ಆ ಹೆಸರು. ಅವರಿಗೆ 1976ರಲ್ಲಿ ನೊಬೆಲ್ ಬಂತು. ಅವರ ಹುಟ್ಟಿದ ದಿನ ಜುಲೈ 28, ಅದೇ ಈಗ ವಿಶ್ವ ಹೆಪಟೈಟಿಸ್ ದಿನ.

ಖಾಸಗಿ ಲ್ಯಾಬಿನಲ್ಲಿ ಕೆಲವೊಮ್ಮೆ 'ಆಂಟಿ ಎಚ್‌ಬಿಎಸ್' ಅಂತ ಬೇರೆ ಪರೀಕ್ಷೆ ಮಾಡಿರುತ್ತಾರೆ. ಅದು ಪಾಸಿಟಿವ್ ಬಂದರೆ ಖುಷಿಪಡಿ. ನಿಮ್ಮ ಮೈಯಲ್ಲಿ ರಕ್ಷಣೆ ಇದೆ ಅಂತ ಅದರರ್ಥ. ಎರಡರ ಹೆಸರೂ ಹತ್ತಿರ ಹತ್ತಿರ ಕಾಣುವುದರಿಂದ ಹೆದರಿ ಅಳುವವರಿದ್ದಾರೆ. ಪೂರ್ತಿ ಹೆಸರು ಓದಿಸಿಕೊಳ್ಳಿ.

ಪರೀಕ್ಷೆಗೆ ಮೊದಲಿನ ಹದಿನೈದು ಇಪ್ಪತ್ತು ದಿನದೊಳಗೆ ನೀವೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದರೆ ಅದನ್ನು ಮೊದಲೇ ಹೇಳಿ. ಲಸಿಕೆಯ ಅಂಶವೇ ರಕ್ತದಲ್ಲಿ ಕೆಲವು ದಿನ ಸಿಕ್ಕು ಪರೀಕ್ಷೆ ಪಾಸಿಟಿವ್ ತೋರಿಸಬಹುದು.

ಹೆಜ್ಜೆ 3: ನೆಗೆಟಿವ್ ಬಂದರೆ

ಕಾರ್ಡಿನಲ್ಲಿ ತಾರೀಕಿನ ಜೊತೆ ಬರೆಸಿ. ಮನೆಯಲ್ಲಿ ಯಾರಿಗಾದರೂ ಹೆಪಟೈಟಿಸ್ ಬಿ ಇದ್ದರೆ ಬಸುರಿನಲ್ಲೂ ಲಸಿಕೆ ಹಾಕಿಸಿಕೊಳ್ಳಬಹುದು, ಅದು ಜೀವಂತ ವೈರಸ್ಸಿನ ಲಸಿಕೆಯಲ್ಲ. ಡಾಕ್ಟರನ್ನು ಕೇಳಿ. ನಿಮ್ಮ ಮಗುವಿಗೂ ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಬೇಕೇ ಬೇಕು, ತಾಯಿಯ ರಿಪೋರ್ಟು ಏನೇ ಇರಲಿ.

ಹೆಜ್ಜೆ 4: ಪಾಸಿಟಿವ್ ಬಂದರೆ ಮೊದಲ ವಾರ

ಮಗು ತೆಗೆಸುವ ಮಾತು ಮನೆಯಲ್ಲಿ ಬಂದರೆ ಅಲ್ಲೇ ನಿಲ್ಲಿಸಿ. ಹೆಪಟೈಟಿಸ್ ಬಿ ಇದೆ ಅನ್ನುವುದು ಗರ್ಭ ತೆಗೆಸಲು ಕಾರಣವಲ್ಲ. ತಡೆಯುವ ದಾರಿ ಇದೆ, ಅದು ಗಟ್ಟಿಯಾದ ದಾರಿ.

ಯಾರ ತಪ್ಪು ಅಂತ ಹುಡುಕಲು ಹೋಗಬೇಡಿ. ನಮ್ಮ ಮನೆಗಳಲ್ಲಿ ಇಂಥ ರಿಪೋರ್ಟು ಬಂದ ಕೂಡಲೇ ಹುಡುಗಿಯ ನಡತೆ ಬಗ್ಗೆ ಪಿಸುಮಾತು ಶುರುವಾಗುತ್ತದೆ. ಇದನ್ನು ಓದುತ್ತಿರುವ ಅತ್ತೆ, ಮಾವ, ಗಂಡ ಎಲ್ಲರಿಗೂ ಕೈಮುಗಿದು ಹೇಳುತ್ತೇನೆ: ಅವಳಿಗೆ ಇದು ಅವಳು ಹುಟ್ಟುವಾಗ ಅವಳ ತಾಯಿಯಿಂದಲೇ ಬಂದಿರಬಹುದು. ಅವಳಿಗೂ ಗೊತ್ತಿಲ್ಲ, ಅವಳ ತಾಯಿಗೂ ಗೊತ್ತಿಲ್ಲ. ಗಂಡನಿಂದ ಬಂದಿರಲೂಬಹುದು.

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಂದ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಕೇಂದ್ರ ಸರ್ಕಾರ 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿದೆ. ಪರೀಕ್ಷೆ ಮತ್ತು ಔಷಧಿ ಅದರಡಿ ಉಚಿತ. ಬೆಳಗಾವಿಯವರಿಗೆ ಬಿಮ್ಸ್ ಜಿಲ್ಲಾ ಆಸ್ಪತ್ರೆ, ಬಾಗಲಕೋಟೆಯವರಿಗೆ ನವನಗರದ ಜಿಲ್ಲಾ ಆಸ್ಪತ್ರೆ, ವಿಜಯಪುರದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ. ಹೋದಾಗ "ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಹೆಸರು ಬರೆಸಬೇಕು" ಅಂತಲೇ ಹೇಳಿ.

ಅಲ್ಲಿ ಲಿವರ್ ಪರೀಕ್ಷೆ, ಅಂದರೆ ಎಸ್‌ಜಿಪಿಟಿ, ಎಸ್‌ಜಿಒಟಿ, ಬಿಲಿರುಬಿನ್ ನೋಡುತ್ತಾರೆ. ಪ್ಲೇಟ್‌ಲೆಟ್, ಕಿಡ್ನಿಗೆ ಕ್ರಿಯಾಟಿನಿನ್, ಹೊಟ್ಟೆಯ ಸ್ಕ್ಯಾನಿಂಗ್ ಬರೆಯಬಹುದು. ಹೆಪಟೈಟಿಸ್ ಸಿ, ಎಚ್‌ಐವಿ ಇದೆಯೇ ಅಂತಲೂ ನೋಡಬೇಕು. ಬಹಳ ಮುಖ್ಯವಾದವು ಇನ್ನೆರಡು: ಎಚ್‌ಬಿಇಎಜಿ ಮತ್ತು ವೈರಲ್ ಲೋಡ್. ರಕ್ತದಲ್ಲಿ ವೈರಸ್ ಎಷ್ಟಿದೆ, ಮಗುವಿಗೆ ದಾಟುವ ಅಪಾಯ ಎಷ್ಟು ಅಂತ ಹೇಳುವುದು ಇವೇ. ಎಚ್‌ಬಿಇಎಜಿ ಪಾಸಿಟಿವ್ ಇದ್ದು ಏನೂ ಮಾಡದೆ ಬಿಟ್ಟರೆ ನೂರು ಮಕ್ಕಳಲ್ಲಿ ಎಪ್ಪತ್ತರಿಂದ ತೊಂಬತ್ತು ಮಕ್ಕಳಿಗೆ ದಾಟುತ್ತದೆ. ನೆಗೆಟಿವ್ ಇದ್ದರೆ ಹತ್ತರಿಂದ ನಲವತ್ತು. ಕಡಿಮೆ ಅಂದರೂ ಅದು ಕಡಿಮೆ ಅಲ್ಲ, ಅಲ್ವಾ?

ಕಾಮಣಿಗೆ ಕೊಡುವ ಬೇರು, ಸೊಪ್ಪಿನ ರಸ, ಬರೆ ಹಾಕಿಸುವುದು ಇವು ಯಾವುವೂ ಬೇಡ. ಇವುಗಳಿಂದ ಈ ವೈರಸ್ ಹೋಗುವುದಿಲ್ಲ. ಕೆಲವು ನಾಟಿ ಔಷಧಿ ಲಿವರಿಗೇ ಪೆಟ್ಟು ಕೊಡುತ್ತವೆ. ಬಸುರಿಯ ಮೈಗೆ ಬರೆ ಹಾಕಿಸುವುದಂತೂ ನೋಡಲಾಗದ ಸಂಕಟ.

ಬಸುರಿಗೆ ಕಣ್ಣು ನಿಜವಾಗಿಯೂ ಹಳದಿಯಾಗಿ ವಾಂತಿ, ಜ್ವರ, ಮಂಕು ಬಂದರೆ ಮಾತ್ರ ಒಂದು ತಾಸೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಅದು ನೀರಿನಿಂದ ಬರುವ ಹೆಪಟೈಟಿಸ್ ಇ ಇರಬಹುದು. ಕೊನೆಯ ಮೂರು ತಿಂಗಳಲ್ಲಿ ಅದು ಬಂದರೆ ನೂರರಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ತಾಯಂದಿರ ಜೀವ ಹೋಗುವಷ್ಟು ಕೆಟ್ಟದ್ದು.

ಹೆಜ್ಜೆ 5: ಮಾತ್ರೆ ಬೇಕೋ ಬೇಡವೋ

ವೈರಲ್ ಲೋಡ್ ಒಂದು ಮಿಲಿ ಲೀಟರಿಗೆ 2 ಲಕ್ಷ ಐಯು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಟೆನೊಫೊವಿರ್ 300 ಮಿಲಿಗ್ರಾಂ ಮಾತ್ರೆ ದಿನಕ್ಕೊಂದು ಕೊಡುತ್ತಾರೆ. ಸಾಮಾನ್ಯವಾಗಿ 28ನೇ ವಾರದಿಂದ ಶುರು, ಕಡಿಮೆಯೆಂದರೂ ಹೆರಿಗೆ ತನಕ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಾಗಿಲನ್ನು ಇನ್ನಷ್ಟು ತೆರೆದಿದೆ. ವೈರಲ್ ಲೋಡ್, ಎಚ್‌ಬಿಇಎಜಿ ಎರಡೂ ಸಿಗದ ಕಡೆ ಪಾಸಿಟಿವ್ ಇರುವ ಎಲ್ಲ ಬಸುರಿಯರಿಗೂ ಮಾತ್ರೆ ಕೊಡಬಹುದು ಅಂತ ಹೇಳಿದೆ. ಹಳ್ಳಿಗಾಡಿಗೆ ಇದು ದೊಡ್ಡ ಮಾತು.

ಈ ಮಾತ್ರೆ ಬಸುರಿಯರಿಗೆ ಹೊಸದಲ್ಲ. ಎಚ್‌ಐವಿ ಇರುವ ತಾಯಂದಿರು ಎಷ್ಟೋ ವರ್ಷಗಳಿಂದ ನುಂಗುತ್ತಿದ್ದಾರೆ. ಸ್ವಲ್ಪ ಹೊಟ್ಟೆ ತೊಳಸಬಹುದು, ಊಟವಾದ ಮೇಲೆ ತಗೊಳ್ಳಿ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ತಟ್ಟನೆ ನಿಲ್ಲಿಸಿದರೆ ವೈರಸ್ ತಿರುಗಿ ಎದ್ದು ಲಿವರ್ ಊದಿಕೊಳ್ಳಬಹುದು.

ವೈರಲ್ ಲೋಡ್ ರಕ್ತ ದೊಡ್ಡ ಲ್ಯಾಬಿಗೆ ಹೋಗಿ ಬರಬೇಕಾದರೆ ದಿನಗಳು ಹಿಡಿಯುತ್ತವೆ. ಐದನೇ ತಿಂಗಳಲ್ಲೇ ಕೊಟ್ಟುಬಿಟ್ಟರೆ ಏಳನೇ ತಿಂಗಳಿಗೆ ಕೈಯಲ್ಲಿ ಉತ್ತರ ಇರುತ್ತದೆ.

ಹೆಜ್ಜೆ 6: ಕುಬಸದ ದಿನ ರಿಪೋರ್ಟನ್ನೂ ಕಳಿಸಿ

ಎಲ್ಲಕ್ಕಿಂತ ಗಮನ ಕೊಟ್ಟು ಓದಬೇಕಾದ್ದು ಇದು.

ಮುಧೋಳ ತಾಲ್ಲೂಕಿನ ಹಳ್ಳಿಗೆ ಮದುವೆಯಾಗಿ ಬಂದ ಸಿಂದಗಿ ಕಡೆಯ ಹುಡುಗಿ ಅಂತ ಇಟ್ಟುಕೊಳ್ಳಿ. ಮೂರನೇ ತಿಂಗಳಲ್ಲಿ ಮುಧೋಳ ಕಡೆ ಪರೀಕ್ಷೆ ಆಯಿತು, ಪಾಸಿಟಿವ್ ಬಂತು. ಬಾಗಲಕೋಟೆಗೆ ಹೋಗಿ ಬಂದರು. ಏಳನೇ ತಿಂಗಳಲ್ಲಿ ಕುಬಸ ಮಾಡಿದರು. ಹಸಿರು ಸೀರೆ, ಬಳೆ, ಬುತ್ತಿ, ಉಂಡಿ ಎಲ್ಲ ಕಟ್ಟಿಕೊಂಡು ತವರಿನವರು ಕರಕೊಂಡು ಹೋದರು. ಮಾತ್ರೆ ಶುರುವಾಗಬೇಕಾದ ವಾರ, ಮನೆ ಬದಲಾಗುವ ವಾರ ಎರಡೂ ಒಂದೇ! ಸಿಂದಗಿಯ ಆಶಾಗೆ ಇವಳು ಹೊಸಬಳು. ಹೆರಿಗೆ ನೋವು ಬಂದಾಗ ನಡುರಾತ್ರಿ ಹತ್ತಿರದ ಆಸ್ಪತ್ರೆಗೆ ಹೋದರು. ಅಲ್ಲಿನ ಸಿಸ್ಟರಿಗೆ ಏನೂ ಗೊತ್ತಿಲ್ಲ. ತವರಿನವರಿಗೆ ಹೇಳಲು ಹುಡುಗಿಗೇ ಅಂಜಿಕೆ. ಇಲ್ಲಿ ಯಾರೂ ಕೆಟ್ಟವರಲ್ಲ. ಆದರೂ ಮಗುವಿಗೆ ಸಿಗಬೇಕಾದ್ದು ತಪ್ಪುತ್ತದೆ.

ಹೀಗಾಗದಂತೆ ನೋಡಿಕೊಳ್ಳಲು ಕುಬಸಕ್ಕೆ ಹದಿನೈದು ದಿನ ಮೊದಲೇ ಕೆಲಸ ಶುರು ಮಾಡಿ. ಇತ್ತ ಕಡೆ ಆಶಾಗೆ ತವರೂರಿನ ಹೆಸರು ಹೇಳಿ, ಅತ್ತ ಕಡೆ ಆಶಾ ಅಥವಾ ಎಎನ್‌ಎಂ ಸಿಸ್ಟರ ಫೋನ್ ನಂಬರ್ ತರಿಸಿಕೊಳ್ಳಿ. ಇಬ್ಬರೂ ಒಮ್ಮೆ ಮಾತಾಡಲಿ. ತಾಯಿ ಕಾರ್ಡಿನಲ್ಲಿ ಫಲಿತಾಂಶ ಬರೆದಿದೆಯೇ ನೋಡಿ, ಖಾಲಿ ಬಿಟ್ಟಿದ್ದರೆ ಬರೆಸಿ. ಎಲ್ಲ ರಿಪೋರ್ಟಿನ ಫೋಟೋ ನಿಮ್ಮ ಫೋನಿನಲ್ಲಿ, ಗಂಡನ ಫೋನಿನಲ್ಲಿ, ತವರಿನಲ್ಲಿ ನಂಬಿಕೆಯ ಒಬ್ಬರ ಫೋನಿನಲ್ಲಿ ಇರಲಿ. ಮಾತ್ರೆ ಹೆರಿಗೆ ತನಕ ಸಾಲುವಷ್ಟು ಒಟ್ಟಿಗೆ ಸಿಗುತ್ತದೆಯೇ ಕೇಳಿ. ಸಿಗದಿದ್ದರೆ ತವರಿನ ಜಿಲ್ಲೆಯ ಆಸ್ಪತ್ರೆಗೆ ವರ್ಗ ಮಾಡುವ ಚೀಟಿ ಬರೆಸಿಕೊಳ್ಳಿ.

ಗಡಿ ಊರಿನವರಿಗೆ ಇನ್ನೊಂದು ಮಾತು. ಅಥಣಿ, ಚಿಕ್ಕೋಡಿ ಕಡೆಯವರು ಹೆರಿಗೆಗೆ ಮಿರಜ್, ಸಾಂಗ್ಲಿಗೆ ಹೋಗುತ್ತಾರೆ. ಇಂಡಿ, ಚಡಚಣ ಕಡೆಯವರು ಸೊಲ್ಲಾಪುರಕ್ಕೆ ಹೋಗುತ್ತಾರೆ. ಅಲ್ಲಿ ಕಾರ್ಡಿನ ಕನ್ನಡ ಓದುವವರು ಇರದಿರಬಹುದು. ಫಲಿತಾಂಶ, ಮಾತ್ರೆಯ ಹೆಸರು, ಶುರು ಮಾಡಿದ ತಾರೀಕು ಇಷ್ಟನ್ನು ಡಾಕ್ಟರಿಂದ ಇಂಗ್ಲಿಷಿನಲ್ಲಿ ಒಂದು ಹಾಳೆಯಲ್ಲಿ ಬರೆಸಿ, ಸಹಿ ಮಾಡಿಸಿ ಇಟ್ಟುಕೊಳ್ಳಿ. ದುಡಿಯಲು ಗೋವಾ, ಪುಣೆ ಕಡೆ ಹೋಗುವ ತಾಂಡಾದ ಹೆಣ್ಣುಮಕ್ಕಳಿಗೂ, ಕಬ್ಬು ಕಡಿಯಲು ಗ್ಯಾಂಗಿನ ಜೊತೆ ಹೋಗುವವರಿಗೂ ಈ ಹಾಳೆಯೇ ಆಧಾರ.

ಎಲ್ಲರಿಗೂ ಹೇಳಲೇಬೇಕು ಅಂತಿಲ್ಲ. ಆದರೆ ಹೆರಿಗೆಗೆ ಜೊತೆ ಬರುವ ಒಬ್ಬರಿಗೆ, ತಾಯಿಯೋ ಅಕ್ಕನೋ ಯಾರಾದರೂ ಸರಿ, ಗೊತ್ತಿರಲೇಬೇಕು. ನೋವು ತಿನ್ನುವ ಹೊತ್ತಿನಲ್ಲಿ ಹುಡುಗಿಗೆ ಇದನ್ನೆಲ್ಲ ಹೇಳಲು ಆಗುವುದಿಲ್ಲ.

ಹೆಜ್ಜೆ 7: ಒಂದು ತಿಂಗಳು ಮೊದಲೇ ಹೆರಿಗೆ ಆಸ್ಪತ್ರೆಗೆ ಹೋಗಿ ಬನ್ನಿ

ಪಾಸಿಟಿವ್ ತಾಯಿಯ ಮಗುವಿಗೆ ಎರಡು ಸೂಜಿ ಬೇಕು. ಒಂದು ಲಸಿಕೆ. ಇನ್ನೊಂದು ಹೆಪಟೈಟಿಸ್ ಬಿ ಇಮ್ಯುನೋಗ್ಲೋಬ್ಯುಲಿನ್. ಲಸಿಕೆ ಮಗುವಿನ ಮೈಗೆ ರಕ್ಷಣೆ ಕಟ್ಟಿಕೊಳ್ಳಲು ಕಲಿಸುತ್ತದೆ, ಅದಕ್ಕೆ ವಾರಗಳು ಬೇಕು. ಇಮ್ಯುನೋಗ್ಲೋಬ್ಯುಲಿನ್ ಅಂದರೆ ಸಿದ್ಧಪಡಿಸಿದ ರಕ್ಷಣೆ, ಹಾಕಿದ ಕೂಡಲೇ ಕೆಲಸ ಮಾಡುತ್ತದೆ, ಕೆಲವು ತಿಂಗಳಲ್ಲಿ ಕರಗುತ್ತದೆ. ಒಂದರ ಬದಲು ಇನ್ನೊಂದು ಅಲ್ಲ.

ಲಸಿಕೆ ಎಲ್ಲ ಸರ್ಕಾರಿ ಆಸ್ಪತ್ರೆಯಲ್ಲೂ ಇರುತ್ತದೆ. ಇಮ್ಯುನೋಗ್ಲೋಬ್ಯುಲಿನ್ ಹಾಗಲ್ಲ. ದುಬಾರಿ, ಫ್ರಿಜ್ಜಿನಲ್ಲೇ ಇಡಬೇಕು, ಎಲ್ಲ ಕಡೆ ದಾಸ್ತಾನು ಇರುವುದಿಲ್ಲ. ಹೊರಗೆ ಕೊಂಡರೆ ಸಾವಿರಗಟ್ಟಲೆ ಆಗುತ್ತದೆ, ರಾತ್ರಿ ಎರಡು ಗಂಟೆಗೆ ಮೆಡಿಕಲ್ ಅಂಗಡಿ ಹುಡುಕಿಕೊಂಡು ತಿರುಗಬೇಕಾಗುತ್ತದೆ. ಅದಕ್ಕೇ ಎಂಟನೇ ತಿಂಗಳಲ್ಲಿ ಹೋಗಿ ಕೇಳಿ: "ನಿಮ್ಮಲ್ಲಿ ಇದೆಯಾ? ಇಲ್ಲದಿದ್ದರೆ ತರಿಸುತ್ತೀರಾ? ಯಾವ ದಿನಕ್ಕೆ ಬರುತ್ತದೆ?" ಉತ್ತರ ಸರಿ ಬರದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ಹೆರಿಗೆ ಮಾಡಿಸುವುದು ವಾಸಿ.

ಹೆಪಟೈಟಿಸ್ ಬಿ ಇದೆ ಅಂತ ಸಿಜೇರಿಯನ್ ಬೇಕಾಗಿಲ್ಲ. ಬೇರೆ ಕಾರಣ ಇದ್ದರೆ ಮಾತು ಬೇರೆ.

ಹೆಜ್ಜೆ 8: ಮೊದಲ 24 ಗಂಟೆ

ಹೆರಿಗೆ ಕೋಣೆಗೆ ಹೋಗುವಾಗಲೇ ರಿಪೋರ್ಟು ಸಿಸ್ಟರ ಕೈಗೆ ಕೊಡಿ, ಚೀಲದಲ್ಲಿಟ್ಟು ಹೊರಗೆ ಕೂರಬೇಡಿ. ಮಗು ಹುಟ್ಟಿದ ಮೇಲೆ ಮೈಮೇಲಿನ ರಕ್ತ ಒರೆಸಿ, ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ಇಮ್ಯುನೋಗ್ಲೋಬ್ಯುಲಿನ್. 12 ಗಂಟೆಯೊಳಗೆ ಆದರೆ ಉತ್ತಮ, 24 ಗಂಟೆ ದಾಟಬಾರದು. ಹುಟ್ಟಿದ ಸಮಯ, ಸೂಜಿ ಹಾಕಿದ ಸಮಯ ಎರಡನ್ನೂ ಬರೆಸಿ.

ಜೊತೆಗೆ ಹೋದವರ ಕೆಲಸ ಇಲ್ಲಿ ಬಹಳ. ಭಾನುವಾರ, ಹಬ್ಬದ ದಿನ, ಸರಿರಾತ್ರಿಯ ಹೆರಿಗೆಯಲ್ಲಿ "ನಾಳೆ ಹಾಕೋಣ" ಅನ್ನುವುದುಂಟು. ಒಂದು ವಯಲ್‌ನಲ್ಲಿ ಹತ್ತು ಮಕ್ಕಳಿಗೆ ಆಗುವಷ್ಟು ಲಸಿಕೆ ಇರುತ್ತದೆ, ಒಂದು ಮಗುವಿಗೆ ಅಂತ ಒಡೆದರೆ ಉಳಿದದ್ದು ಹಾಳು ಅನ್ನುವ ಅಂಜಿಕೆ ಕೆಲವರಿಗೆ. ಆದರೆ ಸರ್ಕಾರದ ನಿಯಮವೇ ಹೇಳುತ್ತದೆ: ಹೆಪಟೈಟಿಸ್ ಬಿ ಲಸಿಕೆಯ ತೆರೆದ ವಯಲ್ಲನ್ನು ಸರಿಯಾಗಿ ತಂಪಿನಲ್ಲಿಟ್ಟರೆ ನಾಲ್ಕು ವಾರದ ತನಕ ಬಳಸಬಹುದು. ಜಗಳ ಬೇಡ, ಮೆತ್ತಗೆ ಆದರೆ ಬಿಡದೆ ಕೇಳಿ: "ಸಿಸ್ಟರ್, ತಾಯಿ ಪಾಸಿಟಿವ್ ಇದ್ದಾಳ್ರಿ, ಇವತ್ತೇ ಹಾಕ್ರಿ."

ಪರೀಕ್ಷೆಯೇ ಆಗಿಲ್ಲದೆ ಹೆರಿಗೆಗೆ ಬಂದಿದ್ದರೆ? ಅಲ್ಲೇ ಕಾರ್ಡು ಪರೀಕ್ಷೆ ಮಾಡಿಸಿ. ಫಲಿತಾಂಶಕ್ಕೆ ಕಾಯದೆ ಮಗುವಿಗೆ ಲಸಿಕೆ ಹಾಕಿಸಿ. ಪಾಸಿಟಿವ್ ಬಂದರೆ ಇಮ್ಯುನೋಗ್ಲೋಬ್ಯುಲಿನ್ ಆದಷ್ಟು ಬೇಗ. ಮೊದಲ ದಿನ ತಪ್ಪಿದರೂ ಏಳು ದಿನದೊಳಗೆ ಕೊಡಲು ಅವಕಾಶವಿದೆ.

ಮನೆಯಲ್ಲೋ, 108ರಲ್ಲೋ, ಕಬ್ಬಿನ ಗದ್ದೆಯ ಗುಡಿಸಲಲ್ಲೋ ಹೆರಿಗೆಯಾದರೆ ಅವತ್ತೇ ಹತ್ತಿರದ ಆಸ್ಪತ್ರೆಗೆ ಮಗುವನ್ನು ಕರಕೊಂಡು ಹೋಗಿ. ಬಾಣಂತಿ ಹೊರಗೆ ಬರಬಾರದು ಅನ್ನುವುದಾದರೆ ಅಜ್ಜಿಯಾದರೂ ಎತ್ತಿಕೊಂಡು ಹೋಗಲಿ. ಐದೇಶಿ ಆಗಲಿ ಅಂತ ಕಾಯುವ ವಿಷಯ ಇದಲ್ಲ. ದಿನ ದಾಟಿಹೋಗಿದ್ದರೂ ಇನ್ನು ಪ್ರಯೋಜನವಿಲ್ಲ ಅಂತ ಬಿಡಬೇಡಿ. ತಡವಾದಷ್ಟೂ ಫಲ ಕಡಿಮೆ, ಆದರೆ ಹಾಕದೆ ಇರುವುದಕ್ಕಿಂತ ಎಷ್ಟೋ ಮೇಲು.

ಹೆಜ್ಜೆ 9: ಎದೆಹಾಲು ಮತ್ತು ಮನೆ

ಎದೆಹಾಲು ಕೊಡಿ. ಹುಟ್ಟಿದ ಒಂದು ತಾಸಿನೊಳಗೆ ಶುರು ಮಾಡಿ, ಸೂಜಿ ಆಗಲಿ ಅಂತಲೂ ಕಾಯಬೇಡಿ. ಎದೆಹಾಲಿನಿಂದ ಈ ರೋಗ ದಾಟುವುದಿಲ್ಲ. ಮಾತ್ರೆ ನುಂಗುತ್ತಿದ್ದರೂ ಹಾಲು ಕೊಡಬಹುದು. ತೊಟ್ಟು ಒಡೆದು ರಕ್ತ ಬರುತ್ತಿದ್ದರೆ ಸಿಸ್ಟರಿಗೆ ತೋರಿಸಿ, ಆ ಕಡೆಯ ಹಾಲನ್ನು ವಾಸಿಯಾಗುವ ತನಕ ಹಿಂಡಿ ಚೆಲ್ಲಬಹುದು.

"ಅವಳ ತಾಟು ಬ್ಯಾರೆ ಇಡ್ರಿ, ಅವಳ ತಂಬಿಗಿ ಮುಟ್ಟಬ್ಯಾಡ್ರಿ" ಅನ್ನುವ ಮಾತು ಬಾಣಂತಿಯ ಕಿವಿಗೆ ಬೀಳದಿರಲಿ. ಅವಳು ಬಡಿದ ರೊಟ್ಟಿ ತಿಂದರೆ, ಅವಳ ಪಕ್ಕ ಮಲಗಿದರೆ, ಅವಳು ಕೂಸಿಗೆ ಮುತ್ತು ಕೊಟ್ಟರೆ ಏನೂ ಬರುವುದಿಲ್ಲ. ಬೇರೆ ಇಡಬೇಕಾದ್ದು ರಕ್ತ ತಗುಲುವ ವಸ್ತು ಮಾತ್ರ: ಬ್ಲೇಡು, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್ಷು. ಒಣಗಿದ ರಕ್ತದಲ್ಲೂ ಈ ವೈರಸ್ ಏಳು ದಿನ ಬದುಕಿರಬಲ್ಲದು. ರಕ್ತ ಬಿದ್ದ ಜಾಗವನ್ನು ಬ್ಲೀಚ್ ಬೆರೆಸಿದ ನೀರಿನಿಂದ ಒರೆಸಿ. ತೊಟ್ಟಿಲ ಕಾರ್ಯಕ್ಕೆ ಕಿವಿ ಚುಚ್ಚಿಸುವಾಗ ಹೊಸ ಸೂಜಿ, ಜವಳ ತೆಗೆಸುವಾಗ ಹೊಸ ಬ್ಲೇಡು ಅಂತ ನಿಂತು ನೋಡಿ. ಇದು ಎಲ್ಲ ಮಕ್ಕಳಿಗೂ ಅನ್ವಯ.

ಗಂಡ, ಮೊದಲಿನ ಮಕ್ಕಳು, ಮನೆಯಲ್ಲಿ ಒಟ್ಟಿಗಿರುವ ಎಲ್ಲರೂ ಪರೀಕ್ಷೆ ಮಾಡಿಸಬೇಕು. ಹುಡುಗಿಯ ತಾಯಿ, ಅಕ್ಕತಂಗಿ, ಅಣ್ಣತಮ್ಮಂದಿರೂ ಮಾಡಿಸಲಿ. ನೆಗೆಟಿವ್ ಬಂದು ರಕ್ಷಣೆಯೂ ಇಲ್ಲದಿದ್ದರೆ ದೊಡ್ಡವರಿಗೆ ಲಸಿಕೆ ಮೂರು ಸಲ: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಗಂಡನ ಲಸಿಕೆ ಮುಗಿಯುವ ತನಕ ಕಾಂಡೋಮ್ ಬಳಸಿ.

ಹೆಜ್ಜೆ 10: ಆರು ವಾರದಿಂದ ಒಂದು ವರ್ಷದ ತನಕ

ಮಗುವಿಗೆ 6, 10, 14 ವಾರಕ್ಕೆ ಪೆಂಟಾವೇಲೆಂಟ್ ಲಸಿಕೆ. ಅದರೊಳಗೆ ಹೆಪಟೈಟಿಸ್ ಬಿ ಕೂಡ ಇದೆ. ಹುಟ್ಟಿದಾಗ ಹಾಕಿಸಿಬಿಟ್ಟೆವು ಅಂತ ಇವನ್ನು ಬಿಟ್ಟರೆ ರಕ್ಷಣೆ ಅರ್ಧಕ್ಕೇ ನಿಲ್ಲುತ್ತದೆ. ಮೂರನೇ ಇಲ್ಲವೆ ಐದನೇ ತಿಂಗಳಲ್ಲಿ ಬಾಣಂತಿ ಗಂಡನ ಮನೆಗೆ ಮರಳುತ್ತಾಳೆ. ಆಗ ತಾಯಿ ಕಾರ್ಡು ಮತ್ತೆ ಅವಳ ಜೊತೆ ಬರಲಿ, ಈ ಕಡೆಯ ಆಶಾಗೆ ತೋರಿಸಲಿ.

ದಡಾರ ಲಸಿಕೆಗೆ ಒಂಬತ್ತನೇ ತಿಂಗಳಲ್ಲಿ ಹೋಗುತ್ತೀರಲ್ಲ, ಆಗ ಮಗುವಿನ ರಕ್ತ ಪರೀಕ್ಷೆಗೂ ಕೇಳಿ. 9ರಿಂದ 12 ತಿಂಗಳ ನಡುವೆ ಎಚ್‌ಬಿಎಸ್‌ಎಜಿ ಮತ್ತು ಆಂಟಿ ಎಚ್‌ಬಿಎಸ್ ಎರಡೂ ಮಾಡಿಸಬೇಕು. ಅದಕ್ಕಿಂತ ಮೊದಲು ಮಾಡಿಸಿದರೆ ಹುಟ್ಟಿದಾಗ ಕೊಟ್ಟ ಇಮ್ಯುನೋಗ್ಲೋಬ್ಯುಲಿನ್ನೇ ರಕ್ತದಲ್ಲಿ ಉಳಿದು ದಾರಿ ತಪ್ಪಿಸಬಹುದು. ಮೊದಲನೆಯದು ನೆಗೆಟಿವ್ ಬಂದು ಎರಡನೆಯದರ ರಿಪೋರ್ಟಿನಲ್ಲಿ ಅಂಕಿ 10ಕ್ಕಿಂತ ಜಾಸ್ತಿ ಇದ್ದರೆ ಮಗು ಪಾರಾಯಿತು. 10ಕ್ಕಿಂತ ಕಡಿಮೆ ಇದ್ದರೆ ಮತ್ತೆ ಲಸಿಕೆ ಹಾಕುತ್ತಾರೆ. ಅಕಸ್ಮಾತ್ ಪಾಸಿಟಿವ್ ಬಂದರೆ ಮಕ್ಕಳ ಡಾಕ್ಟರ ಹತ್ತಿರ ತಪ್ಪದೆ ತೋರಿಸುತ್ತಿರಬೇಕು.

ಮಗುವಿನ ಗದ್ದಲದಲ್ಲಿ ತಾಯಿ ಮರೆತುಹೋಗುತ್ತಾಳೆ, ಅದಾಗಬಾರದು. ಹೆರಿಗೆಯಾದ ಮೇಲಿನ ಆರು ತಿಂಗಳಲ್ಲಿ ವೈರಸ್ ಒಮ್ಮೊಮ್ಮೆ ಜೋರಾಗುತ್ತದೆ, ಮಾತ್ರೆ ನಿಲ್ಲಿಸಿದವರಲ್ಲಂತೂ ಜಾಸ್ತಿ. ಡಾಕ್ಟರು ಹೇಳಿದ ದಿನಗಳಲ್ಲಿ ಎಸ್‌ಜಿಪಿಟಿ ಮಾಡಿಸಿ. ಆಮೇಲೆ ಆರು ತಿಂಗಳಿಗೊಮ್ಮೆ ಲಿವರ್ ತೋರಿಸುತ್ತಿರಬೇಕು. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಹಲವರಿಗೆ ನೋಡುತ್ತಿದ್ದರೆ ಸಾಕು. ಮುಂದೆ ಮತ್ತೆ ಬಸುರಿಯಾದರೆ ಮೊದಲ ಭೇಟಿಯಲ್ಲೇ ಹಳೆಯ ರಿಪೋರ್ಟು ತೋರಿಸಿ, ನೇರವಾಗಿ ವೈರಲ್ ಲೋಡ್‌ನಿಂದ ಶುರು ಮಾಡಿಸಿ.